ತೆಂಗಿನಕಾಯಿ, ಬೂಟು ಮತ್ತು ಹಿತ್ತಲ ಬಾಗಿಲು

ಶಬರಿಮಲೆಗೆ ಹೊರಟ ಅಯ್ಯಪ್ಪ ಭಕ್ತರ ಇರುಮುಡಿಯಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ ಇರಲೇಬೇಕು. ಕಾಯಿಯ ಕಣ್ಣು ಕೊರೆದು, ನೀರು ಬಸಿದು, ಒಳಗೆ ತುಪ್ಪ ಹೊಯ್ದು, ಬಿರಡೆ ಬಿಗಿದ ಆ ಕಾಯಿಯನ್ನು ಸನ್ನಿಧಾನದಲ್ಲಿ ಒಡೆದು ಅಭಿಷೇಕಕ್ಕೆ ಒಪ್ಪಿಸುತ್ತಾರೆ. ಗುರುಸ್ವಾಮಿ ಕಟ್ಟಿ ತಲೆಯ ಮೇಲಿಟ್ಟ ಇರುಮುಡಿಯನ್ನು ಸೂಟ್‌ಕೇಸುಗಳ ಜೊತೆ ಸರಕಿನ ಬೆಲ್ಟಿನ ಮೇಲೆ ಎಸೆಯಲು ಯಾವ ಭಕ್ತನ ಮನಸ್ಸೂ ಒಪ್ಪುವುದಿಲ್ಲ. ಆದರೆ ವಿಮಾನದಲ್ಲಿ ಕೈಚೀಲದೊಳಗೆ ತೆಂಗಿನಕಾಯಿ ಒಯ್ಯುವುದು ನಮ್ಮ ದೇಶದಲ್ಲಿ ನಿಷಿದ್ಧ. 2024ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ, ಅಂದರೆ ಬಿಸಿಎಎಸ್, ಯಾತ್ರಿಕರಿಗೆ ವಿನಾಯಿತಿ ಕೊಟ್ಟಿತು. ಎಕ್ಸ್‌ರೇ ಆಗಬೇಕು, ಸ್ಫೋಟಕದ ಕಣ ಪತ್ತೆ ಮಾಡುವ ಯಂತ್ರದಲ್ಲಿ ನೋಡಬೇಕು, ಸಿಬ್ಬಂದಿ ಕೈಯಲ್ಲಿ ಹಿಡಿದು ಪರೀಕ್ಷಿಸಬೇಕು. ಈ ಮೂರನ್ನೂ ದಾಟಿದ ಕಾಯಿ ವಿಮಾನ ಹತ್ತಬಹುದು. ವಿನಾಯಿತಿಯ ಅವಧಿ 2025ರ ಜನವರಿ 20ರವರೆಗೆ ಇತ್ತು. ಅದಕ್ಕೂ ಎರಡು ವರ್ಷ ಹಿಂದೆ ಇಂಥದ್ದೇ ಅವಕಾಶ ಕೊಟ್ಟಿದ್ದರು, ಮಕರ ಜ್ಯೋತಿಯ ಋತು ಮುಗಿದೊಡನೆ ಅದೂ ಮುಗಿದಿತ್ತು.

ಯಾತ್ರಿಕರಿಗೆ ಅನುಕೂಲವಾಯಿತು, ಸಂತೋಷದ ಸಂಗತಿ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮೂರು ಬಗೆಯ ತಪಾಸಣೆ ದಾಟಿದ ಕಾಯಿ ಜನವರಿ 20ರಂದು ನಿರಪಾಯಕಾರಿ ಎಂದಾದರೆ, ಅದೇ ತಪಾಸಣೆ ದಾಟಿದ ಕಾಯಿ 21ರಂದು ಅಪಾಯಕಾರಿ ಆಗುವುದು ಹೇಗೆ? ಯಂತ್ರಗಳನ್ನೂ ಸಿಬ್ಬಂದಿಯನ್ನೂ ನಂಬಬಹುದು ಎಂದಾದರೆ ನಿಷೇಧ ಯಾಕೆ? ನಂಬಲಾಗದು ಎಂದಾದರೆ ವಿನಾಯಿತಿ ಯಾಕೆ? ವಿಮಾನ ನಿಲ್ದಾಣದ ನಿಯಮಗಳಲ್ಲಿ ಎಷ್ಟು ಜೀವ ಕಾಯುತ್ತಿವೆ, ಎಷ್ಟು ಬರೀ ರೂಢಿಯ ಬಲದಿಂದ ನಡೆದುಕೊಂಡು ಬಂದಿವೆ ಎಂಬುದನ್ನು ಬೇರ್ಪಡಿಸಿ ನೋಡುವ ಕೆಲಸ ಆಗಬೇಕಾಗಿದೆ.

ಹಾಗೆಂದು ತಪಾಸಣೆಯೇ ಬೇಡ, ಎಲ್ಲವೂ ಜನರಿಗೆ ಕಿರುಕುಳ ಎನ್ನುವವರ ಮಾತನ್ನು ಒಪ್ಪಲಾಗದು. ಅವರು ಕನಿಷ್ಕ ವಿಮಾನವನ್ನು ನೆನಪಿಸಿಕೊಳ್ಳಬೇಕು.

1985ರ ಜೂನ್ 22. ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣದ ಚೆಕ್‌ಇನ್ ಕೌಂಟರ್‌ಗೆ ಒಬ್ಬ ಬಂದ. ಟಿಕೆಟ್‌ನಲ್ಲಿ ಇದ್ದ ಹೆಸರು ಎಂ. ಸಿಂಗ್. ಟೊರಾಂಟೊವರೆಗೆ ಸೀಟು ಖಚಿತವಾಗಿತ್ತು, ಅಲ್ಲಿಂದ ದೆಹಲಿಗೆ ಹೋಗುವ ಏರ್ ಇಂಡಿಯಾ ವಿಮಾನದಲ್ಲಿ ಖಚಿತವಾಗಿರಲಿಲ್ಲ. ಆದರೂ ತನ್ನ ಸೂಟ್‌ಕೇಸನ್ನು ನೇರವಾಗಿ ದೆಹಲಿಗೇ ಕಳಿಸಬೇಕೆಂದು ಹಟ ಹಿಡಿದ. ನಿಯಮದ ಪ್ರಕಾರ ಆಗುವುದಿಲ್ಲ ಎಂದು ಕೌಂಟರಿನ ಮಹಿಳೆ ಹೇಳಿದರು. ಆತ ವಾದ ಮಾಡಿದ. ಹಿಂದೆ ಸಾಲು ಉದ್ದವಾಗುತ್ತಿತ್ತು. ಕೊನೆಗೆ ಅವರು ಸೋತು ಸೂಟ್‌ಕೇಸಿಗೆ ದೆಹಲಿಯ ಚೀಟಿ ಅಂಟಿಸಿದರು. ಸೂಟ್‌ಕೇಸ್ ವಿಮಾನ ಹತ್ತಿತು, ಆತ ಹತ್ತಲಿಲ್ಲ.

ಟೊರಾಂಟೊದಲ್ಲಿ ಆ ದಿನ ಏರ್ ಇಂಡಿಯಾ ಸರಕನ್ನು ನೋಡುತ್ತಿದ್ದ ಎಕ್ಸ್‌ರೇ ಯಂತ್ರ ಮಧ್ಯೆ ಕೆಟ್ಟು ನಿಂತಿತು. ಉಳಿದ ಬ್ಯಾಗುಗಳ ಮೇಲೆ ಕೈಯಲ್ಲಿ ಹಿಡಿಯುವ ಒಂದು ಉಪಕರಣವನ್ನು ಆಡಿಸಿದರು. ಅದು ಮಾಡುವ ಸದ್ದಿಗೆ ಏನರ್ಥ ಎಂಬುದು ಹಿಡಿದವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಸ್ಫೋಟಕ ಮೂಸುವ ಪೊಲೀಸ್ ನಾಯಿಗಳು ಅಂದು ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದವು. ಏರ್ ಇಂಡಿಯಾ ವಿಮಾನಗಳಲ್ಲಿ ಸಮಯ ಹೊಂದಿಸಿದ ಬಾಂಬ್ ಇಡುವ ಸಂಚು ನಡೆದಿದೆ ಎಂಬ ಎಚ್ಚರಿಕೆ ಆ ತಿಂಗಳ ಆರಂಭದಲ್ಲೇ ಕೆನಡಾ ಪೊಲೀಸರ ಕೈ ಸೇರಿತ್ತು, ಆದರೆ ಅದು ಅಲ್ಲಿನ ಗುಪ್ತಚರ ಸಂಸ್ಥೆಗೆ ತಲುಪಲಿಲ್ಲ. ಮರುದಿನ ಬೆಳಿಗ್ಗೆ ಐರ್ಲೆಂಡಿನ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದ ಮೇಲೆ ಆ ಕನಿಷ್ಕ ವಿಮಾನ ಸಿಡಿಯಿತು. ಅದರಲ್ಲಿದ್ದ 329 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದೇ ದಿನ ಜಪಾನಿನ ನರಿಟಾದಲ್ಲಿ ಏರ್ ಇಂಡಿಯಾದ ಇನ್ನೊಂದು ವಿಮಾನಕ್ಕೆ ಹೋಗಬೇಕಿದ್ದ ಬ್ಯಾಗ್ ಸಿಡಿದು ಸರಕು ಎತ್ತುವ ಇಬ್ಬರು ಕಾರ್ಮಿಕರು ಸತ್ತರು.

ಇಪ್ಪತ್ತೈದು ವರ್ಷಗಳ ನಂತರ, 2010ರಲ್ಲಿ, ನಿವೃತ್ತ ನ್ಯಾಯಮೂರ್ತಿ ಜಾನ್ ಮೇಜರ್ ಆಯೋಗ ಕೊಟ್ಟ ವರದಿ ಕೆನಡಾದ ಸರ್ಕಾರಿ ವ್ಯವಸ್ಥೆ ಹಂತ ಹಂತದಲ್ಲಿ ಸೋತ ಬಗೆಯನ್ನು ಬಿಡಿಸಿಟ್ಟಿತು. ಓದುತ್ತ ಹೋದರೆ ಹೊಟ್ಟೆ ಉರಿಯುತ್ತದೆ. ಅಂದು ಬೇಕಾಗಿದ್ದುದು ಭಾರೀ ತಂತ್ರಜ್ಞಾನವಲ್ಲ. ಯಜಮಾನ ಹತ್ತದ ಬ್ಯಾಗು ವಿಮಾನದಲ್ಲಿ ಇರಕೂಡದು ಎಂಬ ಒಂದೇ ನಿಯಮವನ್ನು ಎಲ್ಲರೂ ಪಾಲಿಸಿದ್ದರೆ ಸಾಕಿತ್ತು. ಚೆಕ್‌ಇನ್ ಮಾಡಿದ ಪ್ರಯಾಣಿಕ ಬರದಿದ್ದಾಗ ವಿಮಾನ ತಡೆದು, ಹೊಟ್ಟೆಯೊಳಗಿನ ನೂರಾರು ಬ್ಯಾಗುಗಳಲ್ಲಿ ಅವನದನ್ನು ಹುಡುಕಿ ಕೆಳಗಿಳಿಸುತ್ತಾರಲ್ಲ, ಅದರ ಹಿಂದೆ ಆ 329 ಜೀವಗಳಿವೆ. ಹಾಗೆ ಅರ್ಧ ಗಂಟೆ ತಡವಾದಾಗ ಯಾರೂ ಗೊಣಗಬಾರದು.

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಕೆಳಗಿನ ಒಂದು ಘಟಕವಾಗಿದ್ದ ಬಿಸಿಎಎಸ್ 1987ರ ಏಪ್ರಿಲ್‌ನಲ್ಲಿ ಸ್ವತಂತ್ರ ಇಲಾಖೆಯಾಯಿತು. ಅದು ಕನಿಷ್ಕದ ನಂತರ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ 814 ವಿಮಾನ ಅಪಹರಣವಾಗಿ, ಅಮೃತಸರ, ಲಾಹೋರ್, ದುಬೈ ದಾಟಿ ಕಂದಹಾರ್ ತಲುಪಿತು. ಹೊಸದಾಗಿ ಮದುವೆಯಾಗಿದ್ದ ರೂಪಿನ್ ಕಟ್ಯಾಲ್ ಇರಿತಕ್ಕೆ ಬಲಿಯಾದರು. ಮಸೂದ್ ಅಜರ್ ಸೇರಿ ಮೂವರು ಉಗ್ರರನ್ನು ದೇಶ ಕೈಯಾರೆ ಬಿಟ್ಟುಕೊಟ್ಟಿತು. 2000ದ ಫೆಬ್ರುವರಿ 3ರಂದು ಜೈಪುರದಿಂದ ಆರಂಭಿಸಿ ವಿಮಾನ ನಿಲ್ದಾಣಗಳ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್ ಕೈಗೆ ಬಂತು. ಅದು ಕಂದಹಾರ್ ನಂತರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಈ ಕ್ಷೇತ್ರಕ್ಕೇ ಹುಟ್ಟಿದಂತಿದೆ.

ಆದರೆ ಹಾಕಿದ ಬಾಗಿಲು ಗಟ್ಟಿಯಾಗಿ ನಿಂತಿದೆ ಎಂಬುದನ್ನೂ ಹೇಳಬೇಕು. 1971ರ ಜನವರಿಯಲ್ಲಿ ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ‘ಗಂಗಾ’ ಎಂಬ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಇಬ್ಬರು ಲಾಹೋರಿಗೆ ಒಯ್ದದ್ದು ಆಟಿಕೆ ಪಿಸ್ತೂಲು, ಮರದ ಗ್ರೆನೇಡ್ ತೋರಿಸಿ. ಅಮೆರಿಕದಲ್ಲಿ ಆ ಕಾಲದಲ್ಲಿ ಅಪಹರಣ ಎಂಬುದು ವಾರ ವಾರದ ಸುದ್ದಿಯಾಗಿತ್ತು. 1973ರ ಜನವರಿಯಿಂದ ಪ್ರತಿ ಪ್ರಯಾಣಿಕನನ್ನೂ ತಪಾಸಣೆ ಮಾಡತೊಡಗಿದೊಡನೆ ಅದು ಬೆರಳೆಣಿಕೆಗೆ ಇಳಿಯಿತು. ಕಂದಹಾರ್ ನಂತರ ಭಾರತದ ಒಂದೇ ಒಂದು ಪ್ರಯಾಣಿಕ ವಿಮಾನವೂ ಉಗ್ರರ ವಶವಾಗಿಲ್ಲ. ಲೋಹಶೋಧಕದ ಚೌಕಟ್ಟು, ಎಕ್ಸ್‌ರೇ ಬೆಲ್ಟು, ಮೈ ತಡವಿ ನೋಡುವ ಸಿಬ್ಬಂದಿ, ಇವಿಷ್ಟು ಇರಲೇಬೇಕು. ಬಂದೂಕು, ಚಾಕು, ಕಚ್ಚಾ ಬಾಂಬು ಹಿಡಿದು ಒಳಗೆ ಬರುವ ಧೈರ್ಯವನ್ನು ಅವು ಅಡಗಿಸಿವೆ.

ತಕರಾರು ಇರುವುದು ಆಮೇಲೆ ಒಂದರ ಮೇಲೊಂದು ಪೇರಿಸಿದ ನಿಯಮಗಳ ಬಗ್ಗೆ.

2001ರ ಡಿಸೆಂಬರ್‌ನಲ್ಲಿ ರಿಚರ್ಡ್ ರೀಡ್ ಎಂಬಾತ ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ಕುಳಿತು ತನ್ನ ಬೂಟಿನ ಬತ್ತಿಗೆ ಬೆಂಕಿಕಡ್ಡಿ ಗೀರಿದ. ಗಗನಸಖಿಯರೂ ಪ್ರಯಾಣಿಕರೂ ಮೇಲೆ ಬಿದ್ದು ಹಿಡಿದು ಕಟ್ಟಿಹಾಕಿದರು. ಒಬ್ಬನ ಬೂಟಿಗಾಗಿ ಅಮೆರಿಕದಲ್ಲಿ ಕೋಟ್ಯಂತರ ಜನ, 2006ರಿಂದ ಕಡ್ಡಾಯವಾಗಿ, ಬೂಟು ಕಳಚಿ ಕಾಲುಚೀಲದಲ್ಲಿ ನಡೆದರು. ಅಲ್ಲಿನ ಸರ್ಕಾರ ಆ ನಿಯಮವನ್ನು ಕೈಬಿಟ್ಟದ್ದು 2025ರ ಜುಲೈನಲ್ಲಿ. ಸುಮಾರು ಎರಡು ದಶಕ ಬೇಕಾಯಿತು.

ದ್ರವದ ಕಥೆಯೂ ಹಾಗೆಯೇ. 2006ರ ಆಗಸ್ಟ್‌ನಲ್ಲಿ ಬ್ರಿಟನ್ ಪೊಲೀಸರು ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಸಂಚನ್ನು ಬಯಲು ಮಾಡಿದರು. ಸಂಚುಕೋರರು ಸಿಕ್ಕಿದ್ದು ವಿಮಾನ ನಿಲ್ದಾಣದಲ್ಲಿ ಅಲ್ಲ. ತಿಂಗಳುಗಟ್ಟಲೆ ಹಿಂಬಾಲಿಸಿ, ಮನೆಯೊಳಗೆ ಗುಟ್ಟಾಗಿ ಕ್ಯಾಮೆರಾ ಇಟ್ಟು, ಕದ್ದು ಕೇಳಿ ಪೊಲೀಸರು ಹಿಡಿದರು. ಆದರೆ ಜಗತ್ತಿಗೆ ಉಳಿದದ್ದು 100 ಮಿಲಿಲೀಟರ್ ನಿಯಮ. ಅಮ್ಮ ಕಟ್ಟಿಕೊಟ್ಟ ಮಾವಿನ ಉಪ್ಪಿನಕಾಯಿ ಬಾಟಲಿ ಮರೆತು ಕೈಚೀಲದಲ್ಲೇ ಉಳಿದು, ಹೊರದೇಶಕ್ಕೆ ಹೊರಟ ಮಗಳು ಅದನ್ನು ಕಸದ ಡಬ್ಬಿಗೆ ಹಾಕಿ ಕಣ್ಣೊರೆಸಿಕೊಂಡು ಗೇಟಿಗೆ ಓಡುವ ದೃಶ್ಯ ಬೆಂಗಳೂರಿನಲ್ಲಿ ಅಪರೂಪವಲ್ಲ. ಈಗ ಬ್ಯಾಗಿನೊಳಗಿನದನ್ನು ಪದರ ಪದರವಾಗಿ ತೋರಿಸುವ ಸಿಟಿ ಸ್ಕ್ಯಾನರ್‌ಗಳು ಬಂದಿವೆ. ಅವುಗಳನ್ನು ನಂಬಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಮಾನ ನಿಲ್ದಾಣ 2025ರಲ್ಲಿ ಎರಡು ಲೀಟರ್‌ವರೆಗೆ ದ್ರವ ಒಯ್ಯಲು ಬಿಟ್ಟಿತು. ಒಳ್ಳೆಯ ಯಂತ್ರ ತಂದ ಮೇಲೆ ಹಳೆಯ ನಿಯಮ ತೆಗೆಯಬಹುದು ಎಂಬುದಕ್ಕೆ ಇದು ಸಾಕ್ಷಿ.

ನೀನು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುತ್ತೇನೆ ಎಂಬ ಪಂಥ ಇದು. ಬೂಟು ನೋಡಲು ಶುರು ಮಾಡಿದರೆ ಒಳಚಡ್ಡಿಯಲ್ಲಿ ಸ್ಫೋಟಕ ಬಂತು. 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್‌ಗೆ ಇಳಿಯುತ್ತಿದ್ದ ವಿಮಾನದಲ್ಲಿ ನೈಜೀರಿಯಾದ ಉಮರ್ ಫಾರೂಕ್ ಅಬ್ದುಲ್‌ಮುತಲ್ಲಬ್ ಅದಕ್ಕೆ ಬೆಂಕಿ ಹಚ್ಚಲು ಹೋದಾಗ ಅವನನ್ನೂ ತಡೆದದ್ದು ಅಕ್ಕಪಕ್ಕ ಕುಳಿತವರೇ. ಇಲ್ಲಿ ಕಲಿಯಬೇಕಾದ ಪಾಠ ಬೇರೆ ಇದೆ. ಮಗ ದಾರಿ ತಪ್ಪಿದ್ದಾನೆ ಎಂದು ಆ ಹುಡುಗನ ಅಪ್ಪನೇ ಒಂದು ತಿಂಗಳು ಮೊದಲು ಅಬುಜಾದ ಅಮೆರಿಕ ರಾಯಭಾರ ಕಚೇರಿಗೆ ಹೋಗಿ ಎಚ್ಚರಿಸಿದ್ದರು. ಮಗನನ್ನು ದೂರುವುದು ಯಾವ ತಂದೆಗೂ ಸುಲಭವಲ್ಲ. ಆ ತಂದೆ ಕೊಟ್ಟ ಮಾಹಿತಿ ಕಡತದಲ್ಲಿ ಉಳಿಯಿತು, ಮಗನ ವೀಸಾ ರದ್ದಾಗಲಿಲ್ಲ.

ಯಂತ್ರ, ಸಾಲು, ಸಮವಸ್ತ್ರ ಎಲ್ಲ ಇದ್ದರೂ ಒಳಗೆ ಏನು ನಡೆಯುತ್ತಿದೆ ಎಂಬುದು 2015ರಲ್ಲಿ ಒಮ್ಮೆ ಬೆಳಕಿಗೆ ಬಂತು. ಅಮೆರಿಕದ ಒಳನಾಡು ಭದ್ರತಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ತಂಡ ಸಾಮಾನ್ಯ ಪ್ರಯಾಣಿಕರ ವೇಷದಲ್ಲಿ ಅಣಕು ಆಯುಧ, ಅಣಕು ಸ್ಫೋಟಕ ಹಿಡಿದು ತಪಾಸಣೆಗೆ ನಿಂತಿತು. 70 ಸಲ ಪ್ರಯತ್ನಿಸಿ 67 ಸಲ ಯಶಸ್ವಿಯಾಗಿ ಒಳಗೆ ಹೋಯಿತು. ಭದ್ರತಾ ತಜ್ಞ ಬ್ರೂಸ್ ಷ್ನಿಯರ್ ಇಂಥದ್ದನ್ನು ‘ಭದ್ರತೆಯ ನಾಟಕ’ ಎಂದು ಕರೆದರು. ಅವರ ವಾದದಲ್ಲಿ, 2001ರ ಸೆಪ್ಟೆಂಬರ್ 11ರ ನಂತರ ವಿಮಾನಯಾನವನ್ನು ನಿಜಕ್ಕೂ ಸುರಕ್ಷಿತ ಮಾಡಿದ್ದು ಎರಡೇ: ಗಟ್ಟಿಗೊಳಿಸಿದ ಕಾಕ್‌ಪಿಟ್ ಬಾಗಿಲು ಮತ್ತು ಎದುರು ನಿಲ್ಲಲು ಕಲಿತ ಪ್ರಯಾಣಿಕರು. ರೀಡ್, ಅಬ್ದುಲ್‌ಮುತಲ್ಲಬ್ ಇಬ್ಬರ ಪ್ರಕರಣವೂ ಆ ಮಾತಿಗೆ ಪುಷ್ಟಿ ಕೊಡುತ್ತದೆ.

ಆದರೆ ಬಾಗಿಲನ್ನೂ ಕುರುಡಾಗಿ ನಂಬುವಂತಿಲ್ಲ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನದ ಸಹಪೈಲಟ್, ಕ್ಯಾಪ್ಟನ್ ಶೌಚಕ್ಕೆ ಹೋದಾಗ ಒಳಗಿನಿಂದ ಚಿಲಕ ಹಾಕಿಕೊಂಡು ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದ. ಕ್ಯಾಪ್ಟನ್ ಹೊರಗೆ ನಿಂತು ಬಾಗಿಲು ಒಡೆಯಲು ಹೆಣಗುತ್ತಲೇ ಇದ್ದರು. 150 ಜನ ಸತ್ತರು. ಉಗ್ರನನ್ನು ಹೊರಗಿಡಲು ಮಾಡಿದ ಬಾಗಿಲು ಅಂದು ಕಾಪಾಡಬೇಕಾದವರನ್ನೇ ಹೊರಗಿಟ್ಟಿತು.

ಹಾಗಾದರೆ ಮನುಷ್ಯನ ಕಣ್ಣು, ಕಿವಿ, ವಿವೇಚನೆ ಇವುಗಳ ಬೆಲೆ ಎಷ್ಟು? 1986ರ ಏಪ್ರಿಲ್ 17ರಂದು ಲಂಡನ್ನಿನ ಹೀಥ್ರೋ ನಿಲ್ದಾಣದಲ್ಲಿ ನಡೆದದ್ದನ್ನು ನೋಡಬೇಕು. ಐರ್ಲೆಂಡಿನ ಒಬ್ಬ ಗರ್ಭಿಣಿ ಇಸ್ರೇಲಿನ ಎಲ್ ಅಲ್ ವಿಮಾನ ಹತ್ತಲು ಬಂದಿದ್ದಳು. ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸದವಳು. ಅಲ್ಲಿಗೆ ಹೋಗಿ ಮದುವೆಯಾಗೋಣ, ನಾನು ಬೇರೆ ವಿಮಾನದಲ್ಲಿ ಬರುತ್ತೇನೆ ಎಂದು ಪ್ರಿಯಕರ ನೆಜಾರ್ ಹಿಂದಾವಿ ನಂಬಿಸಿದ್ದ, ಬ್ಯಾಗನ್ನೂ ಕೊಟ್ಟಿದ್ದ. ಹೀಥ್ರೋದ ಸಾಮಾನ್ಯ ತಪಾಸಣೆಯನ್ನು ಆ ಬ್ಯಾಗ್ ದಾಟಿಯೂ ಆಗಿತ್ತು. ಆದರೆ ಎಲ್ ಅಲ್ ಸಿಬ್ಬಂದಿ ಮಾತಿಗಿಳಿದರು. ಯಾರನ್ನು ನೋಡಲು, ಎಲ್ಲಿ ಇಳಿದುಕೊಳ್ಳುತ್ತೀರಿ, ಬ್ಯಾಗ್ ಯಾರು ಕಟ್ಟಿದರು? ಉತ್ತರಗಳು ಒಂದಕ್ಕೊಂದು ಕೂಡಿಬರಲಿಲ್ಲ. ಸಾಮಾನೆಲ್ಲ ತೆಗೆದ ಮೇಲೂ ಬ್ಯಾಗ್ ಭಾರವಾಗಿಯೇ ಇತ್ತು. ತಳ ಕಿತ್ತಾಗ ಸುಮಾರು ಒಂದೂವರೆ ಕಿಲೋ ಸೆಮ್‌ಟೆಕ್ಸ್ ಸಿಕ್ಕಿತು. ಆಕೆಗೆ ಏನೂ ಗೊತ್ತಿರಲಿಲ್ಲ. ಹೊಟ್ಟೆಯಲ್ಲಿದ್ದ ತನ್ನ ಮಗುವಿನ ಸಮೇತ ಅವಳನ್ನೂ ಮುನ್ನೂರೈವತ್ತಕ್ಕೂ ಹೆಚ್ಚು ಜನರನ್ನೂ ಆಹುತಿ ಕೊಡಲು ಆತ ಸಿದ್ಧನಿದ್ದ. ಬ್ರಿಟಿಷ್ ನ್ಯಾಯಾಲಯ ಅವನಿಗೆ 45 ವರ್ಷ ಜೈಲು ವಿಧಿಸಿತು.

ಎಲ್ ಅಲ್ ಮಾದರಿಯನ್ನು ಹಾಗೆಯೇ ಇಲ್ಲಿಗೆ ತರಲಾಗದು. ಅಲ್ಲಿ ಜನಾಂಗ, ಹೆಸರು ನೋಡಿ ಅನುಮಾನಿಸುವ ಕೆಟ್ಟ ಚಾಳಿ ಬೆರೆತಿದೆ, ಅದನ್ನು ಭಾರತ ಎಂದೂ ಅನುಕರಿಸಕೂಡದು. ಆದರೆ ತರಬೇತಾದ ವ್ಯಕ್ತಿಯೊಬ್ಬರು ನಿಂತು ನಾಲ್ಕು ಮಾತು ಆಡುವ ಪದ್ಧತಿ ನಮ್ಮಲ್ಲಿ ಬೆಳೆಯಲೇ ಇಲ್ಲ. ಸಿಐಎಸ್‌ಎಫ್ ಸಿಬ್ಬಂದಿ ಬೆಳಗಿನ ಜಾವದಿಂದ ಟ್ರೇ ತಳ್ಳುತ್ತ, ‘ಲ್ಯಾಪ್‌ಟಾಪ್ ತೆಗೀರಿ, ಬೆಲ್ಟ್ ಬಿಚ್ಚಿ’ ಎಂದು ಕೂಗುತ್ತ ಗಂಟಲು ಒಣಗಿಸಿಕೊಳ್ಳುತ್ತಾರೆ. ಮುಖ ನೋಡಲು ಅವರಿಗೆ ಪುರುಸೊತ್ತೆಲ್ಲಿ? ವರ್ಷಗಟ್ಟಲೆ ಅವರು ಕೈಚೀಲಕ್ಕೆ ಕಟ್ಟಿದ ಕಾಗದದ ಚೀಟಿಗೆ ಮೊಹರು ಒತ್ತುತ್ತಲೇ ಇದ್ದರು. ಚೀಟಿ ಕಳೆದುಕೊಂಡವನನ್ನು ಮತ್ತೆ ಸಾಲಿನ ಕೊನೆಗೆ ಕಳಿಸುತ್ತಿದ್ದರು. 2017ರಲ್ಲಿ ಬೆಂಗಳೂರೂ ಸೇರಿ ದೊಡ್ಡ ನಿಲ್ದಾಣಗಳಲ್ಲಿ ಆ ಮೊಹರು ನಿಂತಿತು. ಅದರಿಂದ ಭದ್ರತೆಗೆ ಏನೂ ಕುಂದು ಬರಲಿಲ್ಲ.

ಮುಂಬಾಗಿಲಿಗೆ ಇಷ್ಟು ಕಾವಲು. ಹಿತ್ತಲ ಬಾಗಿಲಿನ ಕಥೆ ಏನು? 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಪ್ಯಾನ್ ಆಮ್ 73 ವಿಮಾನದ ಬಳಿಗೆ ನಾಲ್ವರು ಉಗ್ರರು ಬಂದದ್ದು ಭದ್ರತಾ ಸಿಬ್ಬಂದಿಯ ಸಮವಸ್ತ್ರ ತೊಟ್ಟು, ಭದ್ರತಾ ವಾಹನದಂತೆ ಮಾರ್ಪಡಿಸಿದ ವ್ಯಾನಿನಲ್ಲಿ. ಅವರು ಯಾವ ಲೋಹಶೋಧಕವನ್ನೂ ದಾಟಬೇಕಾಗಲಿಲ್ಲ. ಆ ವಿಮಾನದ ಗಗನಸಖಿ ನೀರಜಾ ಭನೋಟ್ ಪೈಲಟ್‌ಗಳಿಗೆ ಸುಳಿವು ಕೊಟ್ಟು, ಕೊನೆಗೆ ಮಕ್ಕಳನ್ನು ಉಳಿಸಲು ಹೋಗಿ ಗುಂಡಿಗೆ ಎದೆ ಕೊಟ್ಟರು. 2015ರ ಅಕ್ಟೋಬರ್ 31ರಂದು ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಿಂದ ಹಾರಿದ ರಷ್ಯಾದ ವಿಮಾನ ಬಾಂಬಿಗೆ ಸಿಡಿದು 224 ಜನ ಸತ್ತರು. ನಿಲ್ದಾಣದ ಒಳಗಿನವರ ಕೈವಾಡದ ಅನುಮಾನ ಬಲವಾಗಿ ಕೇಳಿಬಂತು. 2016ರ ಫೆಬ್ರುವರಿಯಲ್ಲಿ ಸೊಮಾಲಿಯಾದ ಮೊಗದಿಶುವಿನಲ್ಲಿ ತಪಾಸಣೆ ಮುಗಿಸಿ ಒಳಗೆ ಬಂದಿದ್ದವನ ಕೈಗೆ ಬಾಂಬಿದ್ದ ಲ್ಯಾಪ್‌ಟಾಪನ್ನು ಕೊಟ್ಟದ್ದು ನಿಲ್ದಾಣದ ನೌಕರರು. ಸಿಸಿಟಿವಿಯಲ್ಲಿ ಅದು ದಾಖಲಾಗಿತ್ತು. ಅಡುಗೆಯ ಲಾರಿ, ಕಸದ ಗಾಡಿ, ಗುತ್ತಿಗೆ ಕೆಲಸಗಾರರ ಪಾಸು, ಸರಕಿನ ಗೋದಾಮು ಇವೇ ಇಂದಿನ ನಿಜವಾದ ದ್ವಾರಗಳು. ಅಜ್ಜಿಯ ಸೊಂಟದ ಡಾಬಿಗೆ ಕೊಡುವ ಗಮನದ ಅರ್ಧವಾದರೂ ಅಲ್ಲಿಗೆ ಹೋಗಬೇಕು.

ಇನ್ನೊಂದು ಅಪಾಯವನ್ನು ಸಾಲುಗಳೇ ಸೃಷ್ಟಿಸುತ್ತವೆ. ಒಳಗೆ ಬಿಗಿಯಾದಷ್ಟೂ ಹೊರಗೆ ಜನ ಸೇರುತ್ತಾರೆ. 2011ರ ಜನವರಿಯಲ್ಲಿ ಮಾಸ್ಕೊದ ಡೊಮೊಡೆಡೊವೊ ನಿಲ್ದಾಣದಲ್ಲಿ ಆತ್ಮಾಹುತಿ ದಾಳಿಕೋರ ಸಿಡಿದದ್ದು ಬರುವವರಿಗಾಗಿ ಬಂಧುಗಳು ಕಾಯುವ ಜಾಗದಲ್ಲಿ. 2016ರ ಮಾರ್ಚ್ 22ರಂದು ಬ್ರಸೆಲ್ಸ್‌ನಲ್ಲಿ ಸ್ಫೋಟವಾದದ್ದು ಚೆಕ್‌ಇನ್ ಸಾಲಿನ ಬಳಿ. ಎರಡೂ ಕಡೆ ಉಗ್ರರಿಗೆ ತಪಾಸಣೆ ದಾಟುವ ಅಗತ್ಯವೇ ಬೀಳಲಿಲ್ಲ. ನಮ್ಮಲ್ಲಿ ಟಿಕೆಟ್ ಮತ್ತು ಗುರುತಿನ ಚೀಟಿ ನೋಡಿಯೇ ಕಟ್ಟಡದೊಳಗೆ ಬಿಡುತ್ತಾರೆ, ಅದರಿಂದ ಒಳಗಿನ ಜಾಗ ಸುರಕ್ಷಿತ ನಿಜ. ಆದರೆ ಅದೇ ಕಾರಣಕ್ಕೆ ಜನಜಂಗುಳಿ ಬಾಗಿಲ ಹೊರಗೆ, ರಸ್ತೆಯ ಅಂಚಿಗೆ ಸರಿಯುತ್ತದೆ. 2022ರ ಡಿಸೆಂಬರ್‌ನಲ್ಲಿ ದೆಹಲಿಯ ಮೂರನೇ ಟರ್ಮಿನಲ್ಲಿನಲ್ಲಿ ಸಾಲುಗಳು ಎಷ್ಟು ಬೆಳೆದವೆಂದರೆ ವಿಮಾನಯಾನ ಸಚಿವರೇ ಓಡಿಬಂದು ನೋಡಬೇಕಾಯಿತು. ಸಾಲು ಕರಗಿಸುವುದು ಪ್ರಯಾಣಿಕರ ಸೌಕರ್ಯದ ಪ್ರಶ್ನೆ ಮಾತ್ರವಲ್ಲ, ಅದೂ ಭದ್ರತೆಯ ಕೆಲಸವೇ.

ಕನ್ನಡನಾಡಿಗೆ ಇದು ದೂರದ ಮಾತಲ್ಲ. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣಕ್ಕೆ ಆಟೊದಲ್ಲಿ ಬಂದ ಒಬ್ಬ ಹೊರಭಾಗದಲ್ಲಿ ಬ್ಯಾಗ್ ಇಟ್ಟು ಹೋದ. ವಾರಸುದಾರರಿಲ್ಲದ ಬ್ಯಾಗನ್ನು ಗಮನಿಸಿದ್ದು ಸಿಐಎಸ್‌ಎಫ್ ಸಿಬ್ಬಂದಿ. ಒಳಗೆ ಬಾಂಬ್ ಇತ್ತು. ಜನರನ್ನು ದೂರ ಸರಿಸಿ, ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಿದರು. ಎರಡು ದಿನಗಳ ನಂತರ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದ ಆದಿತ್ಯ ರಾವ್ ಓದಿದ ಎಂಜಿನಿಯರ್, ಮಣಿಪಾಲದವ. ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹುಸಿ ಬಾಂಬ್ ಕರೆ ಮಾಡಿ 2018ರಲ್ಲಿ ಜೈಲು ಸೇರಿದ್ದವನು. ಜೈಲಿನಿಂದ ಹೊರಬಂದವನ ಮೇಲೆ ನಿಗಾ ಇಟ್ಟಿದ್ದರೆ ಬ್ಯಾಗ್ ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ಆ ದಿನ ಮಂಗಳೂರನ್ನು ಕಾಪಾಡಿದ್ದು ಸುತ್ತ ನೋಡುವಷ್ಟು ಬಿಡುವಿದ್ದ ಒಂದು ಜೋಡಿ ಕಣ್ಣು.

ಅದೇ ನಿಲ್ದಾಣದಲ್ಲಿ 2022ರ ಆಗಸ್ಟ್ 14ರಂದು, ಮುಂಬೈಗೆ ಹೊರಡಲಿದ್ದ ವಿಮಾನದಲ್ಲಿ ಯುವಕನೊಬ್ಬ ಗೆಳತಿಯೊಡನೆ ಫೋನಿನಲ್ಲಿ ತಮಾಷೆಯ ಸಂದೇಶ ಹಂಚಿಕೊಳ್ಳುತ್ತಿದ್ದ. ಅದರಲ್ಲಿ ಬಾಂಬಿನ ಮಾತಿತ್ತು. ಪಕ್ಕದಲ್ಲಿದ್ದ ಮಹಿಳೆ ಓದಿ ಸಿಬ್ಬಂದಿಗೆ ತಿಳಿಸಿದರು. ಎಲ್ಲರನ್ನೂ ಇಳಿಸಿ, ಎಲ್ಲ ಬ್ಯಾಗು ಮತ್ತೆ ನೋಡಿ, ವಿಮಾನ ಸುಮಾರು ಆರು ಗಂಟೆ ತಡವಾಗಿ ಹಾರಿತು. ಆ ಮಹಿಳೆ ಮಾಡಿದ್ದು ಸರಿ. ಆದರೆ 2024ರ ಅಕ್ಟೋಬರ್‌ನಲ್ಲಿ ಕೆಲವೇ ದಿನಗಳಲ್ಲಿ ನಾನೂರಕ್ಕೂ ಹೆಚ್ಚು ವಿಮಾನಗಳಿಗೆ ಸಾಮಾಜಿಕ ಜಾಲತಾಣಗಳ ಮೂಲಕ ಹುಸಿ ಬಾಂಬ್ ಬೆದರಿಕೆ ಬಂದಾಗ, ಪ್ರತಿಯೊಂದಕ್ಕೂ ಒಂದೇ ತೂಕದಲ್ಲಿ ಓಡಾಡಿದರೆ ಕುಚೇಷ್ಟೆ ಮಾಡುವವನೇ ಗೆಲ್ಲುತ್ತಾನೆ ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಬೆದರಿಕೆಯನ್ನು ತೂಗಿ ನೋಡುವ ಜಾಣತನವೂ ಭದ್ರತೆಯ ಭಾಗವೇ.

ಘನತೆಯ ಪ್ರಶ್ನೆಗೆ ಬರೋಣ. ಅಪಘಾತದಲ್ಲಿ ಕಾಲು ಕಳೆದುಕೊಂಡು ಕೃತಕ ಕಾಲಿನಲ್ಲಿ ಭರತನಾಟ್ಯ ಮಾಡಿ ಇಡೀ ದೇಶದ ಮೆಚ್ಚುಗೆ ಪಡೆದ ಸುಧಾ ಚಂದ್ರನ್ 2021ರ ಅಕ್ಟೋಬರ್‌ನಲ್ಲಿ ಒಂದು ವಿಡಿಯೊದಲ್ಲಿ ಪ್ರಧಾನಿಯವರಿಗೆ ಕೈಮುಗಿದು ಕೇಳಿಕೊಂಡರು: ಪ್ರತಿ ಸಲವೂ ಕೃತಕ ಕಾಲು ಬಿಚ್ಚಿ ತೋರಿಸಬೇಕಾದ ನೋವು ತಪ್ಪಿಸಿ ಎಂದು. ಸ್ಫೋಟಕದ ಕಣ ಪತ್ತೆ ಮಾಡುವ ಯಂತ್ರದಿಂದ ನೋಡಬಹುದಲ್ಲ ಎಂಬುದು ಅವರ ಬೇಡಿಕೆ. ಸಿಐಎಸ್‌ಎಫ್ ಬಹಿರಂಗವಾಗಿ ಕ್ಷಮೆ ಕೇಳಿತು. ಇರುಮುಡಿಯ ಕಾಯಿಗೆ ಸಾಕಾಗುವ ಯಂತ್ರ ನೃತ್ಯಗಾತಿಯ ಕಾಲಿಗೂ ಸಾಕಾಗಬೇಕು. ಹೆಸರಿದ್ದವರು ವಿಡಿಯೊ ಮಾಡುತ್ತಾರೆ, ಊರುಗೋಲು ಹಿಡಿದು ಮೊದಲ ಸಲ ವಿಮಾನ ಹತ್ತುವ ಹಳ್ಳಿಯವರು ಯಾರಿಗೆ ಹೇಳಬೇಕು?

ತಪಾಸಣೆ ನ್ಯಾಯವೆನಿಸಬೇಕಾದರೆ ಅದು ಎಲ್ಲರಿಗೂ ಒಂದೇ ಆಗಿರಬೇಕು. ನಮ್ಮಲ್ಲಿ ತಪಾಸಣೆಯಿಂದ ವಿನಾಯಿತಿ ಪಡೆದ ಗಣ್ಯರ ಪಟ್ಟಿಯೇ ಇದೆ. ಯಾವ ಹುದ್ದೆಯೂ ಇಲ್ಲದ ರಾಬರ್ಟ್ ವಾದ್ರಾ ಹೆಸರು ಅದರಲ್ಲಿ ವರ್ಷಗಟ್ಟಲೆ ಇತ್ತು, 2015ರಲ್ಲಿ ತೆಗೆದರು. ಮಾಜಿ ರಾಷ್ಟ್ರಪತಿ ಎಪಿಜೆ ಅಬ್ದುಲ್ ಕಲಾಂ ಅವರನ್ನು 2009ರಲ್ಲಿ ದೆಹಲಿಯಲ್ಲೇ ಅಮೆರಿಕದ ವಿಮಾನ ಸಂಸ್ಥೆಯೊಂದು ತಪಾಸಣೆ ಮಾಡಿದಾಗ ದೇಶ ಸಿಟ್ಟಾಯಿತು, ಕಲಾಂ ಮಾತ್ರ ಸಿಟ್ಟಾಗಲಿಲ್ಲ. ಅವರ ನಡತೆಯೇ ಎಲ್ಲ ಗಣ್ಯರಿಗೂ ಮೇಲ್ಪಂಕ್ತಿ ಆಗಬೇಕಿತ್ತು.

ಅನುಮಾನ ಅಂಕೆ ಮೀರಿದರೆ ಏನಾಗುತ್ತದೆ ಎಂಬುದನ್ನು ಮೂಡಿಗೆರೆಯಲ್ಲಿ ಹುಟ್ಟಿದ ಡಾಕ್ಟರ್ ಮೊಹಮ್ಮದ್ ಹನೀಫ್ ಅನುಭವಿಸಿದರು. 2007ರ ಜೂನ್ 30ರಂದು ಗ್ಲಾಸ್ಗೊ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದವರಲ್ಲಿ ಬೆಂಗಳೂರಿನ ಕಫೀಲ್ ಅಹ್ಮದ್ ಒಬ್ಬ. ಬಾಗಿಲೆದುರು ನೆಟ್ಟಿದ್ದ ಗಟ್ಟಿ ಕಂಬಗಳು ಜೀಪನ್ನು ತಡೆದು ಒಳಗಿದ್ದ ಜನರನ್ನು ಉಳಿಸಿದವು. ಎರಡು ದಿನಗಳ ಮೇಲೆ, ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದ ಹನೀಫ್ ಅವರನ್ನು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ತಮ್ಮ ಹಳೆಯ ಸಿಮ್ ಕಾರ್ಡನ್ನು ಕಫೀಲ್‌ನ ತಮ್ಮನಿಗೆ ಕೊಟ್ಟಿದ್ದರು ಎಂಬುದೇ ಆರೋಪ. ಆ ಸಿಮ್ ಜೀಪಿನಲ್ಲಿ ಸಿಕ್ಕಿತು ಎಂದು ನ್ಯಾಯಾಲಯಕ್ಕೆ ಹೇಳಿದ್ದು ಸುಳ್ಳೆಂದು ತಿಳಿಯಿತು. ಮೊಕದ್ದಮೆ ಬಿದ್ದುಹೋಯಿತು, ವಿಚಾರಣಾ ಆಯೋಗ ಅವರನ್ನು ನಿರ್ದೋಷಿ ಎಂದಿತು, ಆಸ್ಟ್ರೇಲಿಯಾ ಸರ್ಕಾರ ಪರಿಹಾರ ಕೊಟ್ಟಿತು. ಕಂಬ ನೆಟ್ಟವರು ಜೀವ ಉಳಿಸಿದರು. ಸಿಕ್ಕವರನ್ನು ಹಿಡಿದವರು ಒಂದು ಸಂಸಾರವನ್ನು ನಲುಗಿಸಿದರು.

ಅತಿಯಾದ ಭಯಕ್ಕೂ ಬೆಲೆ ತೆರಬೇಕಾಗುತ್ತದೆ. 2001ರ ದಾಳಿಯ ನಂತರದ ಒಂದು ವರ್ಷದಲ್ಲಿ ವಿಮಾನ ಬಿಟ್ಟು ಕಾರು ಹತ್ತಿದ ಅಮೆರಿಕನ್ನರಿಂದಾಗಿ ರಸ್ತೆಗಳಲ್ಲಿ ಸುಮಾರು 1,500 ಹೆಚ್ಚುವರಿ ಸಾವು ಸಂಭವಿಸಿತೆಂದು ಜರ್ಮನಿಯ ವಿಜ್ಞಾನಿ ಗೆರ್ಡ್ ಗಿಗರೆಂಜರ್ ಅಂದಾಜು ಮಾಡಿದ್ದಾರೆ. ಮತ್ತೊಂದು ಕಡೆ, 2008ರ ನವೆಂಬರ್ 26ರ ರಾತ್ರಿ ಮುಂಬೈನ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಇಬ್ಬರೇ ಬಂದೂಕುಧಾರಿಗಳು ಐವತ್ತಕ್ಕೂ ಹೆಚ್ಚು ಜನರನ್ನು ಕೊಂದರು. 2024ರ ಮಾರ್ಚ್ 1ರಂದು ಬೆಂಗಳೂರಿನಲ್ಲಿ ಬಾಂಬ್ ಸಿಡಿದದ್ದು ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಹೋಟೆಲಿನಲ್ಲಿ. ವಿಮಾನಕ್ಕೆ ಹೋಗುವ ಪ್ರತಿ ಹೆಚ್ಚುವರಿ ರೂಪಾಯಿಯನ್ನು ಖರ್ಚು ಮಾಡುವ ಮುನ್ನ, ಅದು ರೈಲಿಗೋ ಬಸ್ಸಿಗೋ ಗುಪ್ತಚರ ಕೆಲಸಕ್ಕೋ ಹೋದರೆ ಹೆಚ್ಚು ಜೀವ ಉಳಿಯುತ್ತದೆಯೇ ಎಂದು ಕೇಳಬೇಕು.

ಏನು ಮಾಡಬಹುದು ಎಂಬುದಕ್ಕೆ ದಾರಿ ನಮ್ಮ ಕಣ್ಣೆದುರೇ ಇದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಸಂಘರ್ಷ ನಡೆದಾಗ ಎಲ್ಲ ಪ್ರಯಾಣಿಕರಿಗೂ ವಿಮಾನದ ಏಣಿಯ ಬಳಿ ಎರಡನೇ ತಪಾಸಣೆ ಕಡ್ಡಾಯ ಮಾಡಿದರು, ಸಂದರ್ಶಕರನ್ನು ಒಳಗೆ ಬಿಡಲಿಲ್ಲ. ಅಪಾಯ ಹೆಚ್ಚಿದಾಗ ಹೀಗೆ ಬಿಗಿ ಮಾಡುವುದು ಸರಿಯಾದ ಕ್ರಮ, ಜನರೂ ಒಪ್ಪಿ ಸಹಕರಿಸಿದರು. ಅಪಾಯ ಇಳಿದಾಗ ಸಡಿಲಿಸುವ ಕ್ರಮವೂ ಅಷ್ಟೇ ಖಚಿತವಾಗಿರಬೇಕು. ಪ್ರತಿ ನಿಯಮಕ್ಕೂ ಮರುಪರಿಶೀಲನೆಯ ದಿನಾಂಕ ಇರಲಿ. ತೆಂಗಿನಕಾಯಿಯ ವಿನಾಯಿತಿಗೆ ಕೊನೆಯ ದಿನ ಬರೆಯಬಲ್ಲ ಬಿಸಿಎಎಸ್ ನಿಷೇಧಗಳಿಗೂ ಬರೆಯಬಲ್ಲದು. ಅದಕ್ಕೆ ಜನಬಲ ಬೇಕು. ಆ ಸಂಸ್ಥೆಯಲ್ಲಿ ಶೇ 35ರಷ್ಟು ಹುದ್ದೆಗಳು ಖಾಲಿ ಇವೆ ಎಂದು ಸಂಸದೀಯ ಸ್ಥಾಯಿ ಸಮಿತಿ 2025ರಲ್ಲಿ ಎಚ್ಚರಿಸಿತ್ತು. ಪರೀಕ್ಷಿಸುವ ಕೈಗಳೇ ಇಲ್ಲದಿದ್ದಾಗ ಹಿತ್ತಲ ಬಾಗಿಲನ್ನು ನೋಡುವವರು ಯಾರು?

ದೇಶದೊಳಗೆ ಹಾರುವ ಪ್ರತಿ ಪ್ರಯಾಣಿಕನೂ 2021ರ ಏಪ್ರಿಲ್‌ನಿಂದ ಟಿಕೆಟ್ ಜೊತೆಗೆ 200 ರೂಪಾಯಿ ಭದ್ರತಾ ಶುಲ್ಕ ಕಟ್ಟುತ್ತಿದ್ದಾನೆ. ಹೊರದೇಶಕ್ಕೆ ಹೋಗುವವರು 12 ಡಾಲರ್. ಹಣ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ. ನಮ್ಮ ನಿಲ್ದಾಣಗಳಲ್ಲಿ ಅಣಕು ಆಯುಧ ಹಿಡಿದು ಗುಟ್ಟಾಗಿ ಎಷ್ಟು ಪರೀಕ್ಷೆ ನಡೆದವು, ಎಷ್ಟರಲ್ಲಿ ಸಿಕ್ಕಿಬಿದ್ದರು, ಎಷ್ಟರಲ್ಲಿ ತಪ್ಪಿಸಿಕೊಂಡರು? ಯಾವ ನಿಲ್ದಾಣ ಎಂದು ಹೆಸರಿಸಬೇಕಿಲ್ಲ, ಉಗ್ರರಿಗೆ ಸುಳಿವು ಕೊಡಬೇಕಿಲ್ಲ. ಒಟ್ಟು ಸಂಖ್ಯೆಯನ್ನು ವರ್ಷಕ್ಕೊಮ್ಮೆ ಸಂಸದೀಯ ಸಮಿತಿಯ ಮುಂದಿಡಲಿ. ದೆಹಲಿಗೆ ವಾರ ವಾರ ವಿಮಾನದಲ್ಲಿ ಓಡಾಡುವ ಕರ್ನಾಟಕದ 28 ಲೋಕಸಭಾ ಸದಸ್ಯರು ಮುಂದಿನ ಅಧಿವೇಶನದಲ್ಲಿ ಈ ಒಂದು ಪ್ರಶ್ನೆಯನ್ನು ಕೇಳಲಿ.